ಮಕ್ಕಳ ಮಲದಲ್ಲಿ ರಕ್ತ ಹಾಗೂ ಕೊಲೊನೋಸ್ಕೋಪಿ ಪರೀಕ್ಷೆ

ಮಗುವಿನ ಮಲದಲ್ಲಿ ರಕ್ತ ಕಂಡಾಗ ಅದನ್ನು ಮೂಲವ್ಯಾಧಿ ಅಥವಾ ಉಷ್ಣವೆಂದು ಭಾವಿಸಿ ಸುಮ್ಮನಾಗುವುದು ರೂಢಿಯಲ್ಲಿದೆ. ವಸ್ತುತಃ ಮಕ್ಕಳಲ್ಲಿ ಮೂಲವ್ಯಾಧಿಯು ಅಪರೂಪ. ಮಲಬದ್ಧತೆಯಿಂದ ಗುದದ್ವಾರದಲ್ಲಿ ಉಂಟಾಗುವ ಬಿರುಕು ಇದಕ್ಕೆ ಸಾಮಾನ್ಯ ಕಾರಣ. ಮಲವಿಸರ್ಜನೆಯ ವೇಳೆ ನೋವಿರುವ ಈ ಬಿರುಕನ್ನು ವೈದ್ಯರು ಕಣ್ಣಿನಿಂದ ನೋಡಿಯೇ ಗುರುತಿಸಬಲ್ಲರು. ಇದಕ್ಕೆ ಕೊಲೊನೋಸ್ಕೋಪಿಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ನೋವಿಲ್ಲದೆ ಪದೇ ಪದೇ ಕೆಂಪು ರಕ್ತ ಹೋಗುತ್ತಿದ್ದಲ್ಲಿ, ವಿಶೇಷವಾಗಿ 2 ರಿಂದ 10 ವರ್ಷದೊಳಗಿನ ಮಕ್ಕಳಲ್ಲಿ, ದೊಡ್ಡಕರುಳಿನ ಪಾಲಿಪ್ ಎಂಬ ಮೆದು ಮಾಂಸದ ಗಂಟು ಇರುವ ಸಂಭವವಿದೆ. ಇದು ಬಹುತೇಕ ಒಂದೇ ಇರುತ್ತದೆ ಮತ್ತು ಸಾಮಾನ್ಯವಾಗಿ ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ತಿಂಗಳುಗಟ್ಟಲೆ ರಕ್ತ ಸೋರಿದಲ್ಲಿ ಮಗು ರಕ್ತಹೀನತೆಗೆ ಒಳಗಾಗುತ್ತದೆ. ಕಬ್ಬಿಣಾಂಶದ ಟಾನಿಕ್ ಕುಡಿಸಿದರೂ ಗಂಟು ಹಾಗೆಯೇ ಉಳಿಯುತ್ತದೆ. ಐದು ಅಥವಾ ಹೆಚ್ಚು ಗಂಟುಗಳಿದ್ದಲ್ಲಿ ಅದು ವಂಶವಾಹಿ ತೊಂದರೆಯಾಗಿರಬಹುದಾದ್ದರಿಂದ ಕುಟುಂಬದವರ ತಪಾಸಣೆಯೂ ಅಗತ್ಯವಾಗಬಹುದು.

ಕೊಲೊನೋಸ್ಕೋಪಿಯಲ್ಲಿ ಮಗುವಿಗೆ ಅರಿವಳಿಕೆ ಅಥವಾ ಮಂಪರಿನ ಔಷಧ ನೀಡಿ, ಕ್ಯಾಮೆರಾ ಅಳವಡಿಸಿದ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಗೆ ಸೇರಿಸಲಾಗುತ್ತದೆ. ಪಾಲಿಪ್ ಕಂಡುಬಂದಲ್ಲಿ ತಂತಿಯ ಕುಣಿಕೆಯಿಂದ ಸಾಮಾನ್ಯವಾಗಿ ಆಗಲೇ ತೆಗೆಯಲಾಗುತ್ತದೆ, ಹೊಟ್ಟೆ ಕೊಯ್ಯಬೇಕಾಗಿಲ್ಲ.

ದೀರ್ಘಕಾಲದ ಭೇದಿ, ತೂಕ ಇಳಿಕೆ, ಬೆಳವಣಿಗೆ ಕುಂಠಿತವಾಗುವುದು, ರಾತ್ರಿ ನಿದ್ರೆಯಿಂದ ಎದ್ದು ಮಲವಿಸರ್ಜನೆಗೆ ಹೋಗುವುದು ಇವು ಕಂಡುಬಂದಲ್ಲಿಯೂ ಈ ಪರೀಕ್ಷೆ ಬೇಕಾಗಬಹುದು. ಭಾರತದಲ್ಲಿ ಕರುಳಿನ ಕ್ಷಯ ಹಾಗೂ ಕ್ರೋನ್ಸ್ ಕಾಯಿಲೆ ಒಂದನ್ನೊಂದು ಬಹಳವಾಗಿ ಹೋಲುತ್ತವೆ. ಕ್ರೋನ್ಸ್‌ಗೆ ನೀಡುವ ಸ್ಟೀರಾಯ್ಡ್ ಔಷಧವು ಕ್ಷಯವನ್ನು ಉಲ್ಬಣಗೊಳಿಸಬಹುದಾದ್ದರಿಂದ, ಕರುಳಿನ ತುಣುಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಮುಖ್ಯ.

ಪರೀಕ್ಷೆ ವಿಫಲವಾಗಲು ಒಂದು ಪ್ರಮುಖ ಕಾರಣ ಕರುಳು ಸ್ವಚ್ಛವಾಗದಿರುವುದು. ಹಿಂದಿನ ದಿನ ಮಗುವಿಗೆ ವೈದ್ಯರು ತಿಳಿಸಿದ ತಿಳಿ ದ್ರವಾಹಾರ ಮಾತ್ರ ನೀಡತಕ್ಕದ್ದು. ಕೆಂಪು ಬಣ್ಣದ ಪಾನೀಯ ಸಲ್ಲದು, ಅದು ರಕ್ತದಂತೆ ಕಾಣುತ್ತದೆ. ಕಬ್ಬಿಣಾಂಶದ ಟಾನಿಕ್‌ ಕೊಡುತ್ತಿದ್ದಲ್ಲಿ ಮುಂಚಿತವಾಗಿಯೇ ವೈದ್ಯರಿಗೆ ತಿಳಿಸುವುದು. ಭೇದಿ ಔಷಧದ ಪ್ರಮಾಣವು ಮಗುವಿನ ತೂಕವನ್ನು ಅವಲಂಬಿಸಿರುತ್ತದೆ. ಅದರ ಬದಲಿಗೆ ಹಿರಿಯರ ಸಲಹೆಯಂತೆ ಹರಳೆಣ್ಣೆ ಕುಡಿಸಬಾರದು.

ಕರುಳಿಗೆ ರಂಧ್ರವಾಗುವುದು ವಿರಳವಾದರೂ, ಪರೀಕ್ಷೆಯ ನಂತರ ತೀವ್ರ ಹೊಟ್ಟೆನೋವು, ಹೊಟ್ಟೆ ಉಬ್ಬರ, ಜ್ವರ ಅಥವಾ ಅಧಿಕ ರಕ್ತಸ್ರಾವ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಮರಳತಕ್ಕದ್ದು. ಪಾಲಿಪ್ ತೆಗೆದ ನಂತರ ಎರಡು ವಾರಗಳವರೆಗೂ ರಕ್ತಸ್ರಾವವಾಗುವ ಸಾಧ್ಯತೆಯಿದೆ.

ಸೂಚನೆ: ಹಸುಗೂಸು ಆಗಾಗ್ಗೆ ಕಾಲು ಮಡಚಿ ಚೀರಿ ಅಳುವುದು, ವಾಂತಿ ಮಾಡುವುದು, ಜೆಲ್ಲಿಯಂತಹ ಕೆಂಪು ಮಲ ವಿಸರ್ಜಿಸುವುದು ಕಂಡುಬಂದಲ್ಲಿ, ಕರುಳಿನ ಒಂದು ಭಾಗ ಮತ್ತೊಂದರೊಳಗೆ ಸೇರಿಕೊಂಡಿರಬಹುದು. ಇದು ಕೊಲೊನೋಸ್ಕೋಪಿಗೆ ಕಾಯುವ ಸಂದರ್ಭವಲ್ಲ. ಮಗುವನ್ನು ತಕ್ಷಣವೇ ಶಸ್ತ್ರಚಿಕಿತ್ಸಾ ಸೌಲಭ್ಯವುಳ್ಳ ಆಸ್ಪತ್ರೆಗೆ ಕರೆದೊಯ್ಯುವುದು.