ತಾಳೆಗರಿಯಿಂದ ಇ-ರೀಡರ್‌ವರೆಗೆ: ಕಲ್ಯಾಣ ಪರಿಸರದ ಓದು

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಕಲ್ಮೇಶ್ವರ ದೇವಾಲಯದ ಭಿತ್ತಿಯಲ್ಲಿ ಶಾಸನ ಬರೆಯುತ್ತಿರುವ ಮದನಿಕೆಯ ಶಿಲ್ಪವೊಂದಿದೆ. ಆಕೆ ಬರೆಯುತ್ತಿರುವುದು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು. ಆತನ ರಾಜಧಾನಿ ಕಲ್ಯಾಣವೇ ಇಂದಿನ ಬಸವಕಲ್ಯಾಣ. ವಿಜ್ಞಾನೇಶ್ವರನ ‘ಮಿತಾಕ್ಷರಾ’, ಬಿಲ್ಹಣನ ‘ವಿಕ್ರಮಾಂಕದೇವಚರಿತ’ಗಳು ಆ ಆಸ್ಥಾನದ ಆಶ್ರಯದಲ್ಲಿ ರಚಿತವಾದವು, 12ನೆಯ ಶತಮಾನದಲ್ಲಿ ಅದೇ ನಗರದಲ್ಲಿ ಶರಣರ ವಚನಗಳು ಮೊಳಗಿದವು. ಬರಹಕ್ಕೆ ಹೆಸರಾದ ಈ ನೆಲದ ಓದುಗನಿಗೆ ಇಂದಿನ ಓದುವ ಸಾಧನವಾದ ಇ-ರೀಡರ್ ಎಷ್ಟರಮಟ್ಟಿಗೆ ಒದಗಿತು ಎಂಬ ಪ್ರಶ್ನೆ ಗ್ರಂಥಪ್ರಸಾರದ ಇತಿಹಾಸಕ್ಕೆ ಸೇರಿದ್ದಾಗಿದೆ.

ಆ ಇತಿಹಾಸದ ಉಜ್ಜ್ವಲ ನಿದರ್ಶನ ಅತ್ತಿಮಬ್ಬೆ. ಕಲ್ಯಾಣ ಚಾಲುಕ್ಯ ವಂಶದ ಸ್ಥಾಪಕ ಇಮ್ಮಡಿ ತೈಲಪನ ಕಾಲದ ಈ ಶ್ರಾವಕಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆಹಾರ, ಅಭಯ, ಭೈಷಜ್ಯಗಳೊಡನೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಪರಂಪರೆ ಆಕೆಯದು. ಆ ದಾನದಲ್ಲಿ ಕೃತಿ ಮತ್ತು ಅದನ್ನು ಹೊತ್ತ ತಾಳೆಗರಿ ಒಟ್ಟಾಗಿಯೇ ಓದುಗನ ಕೈ ಸೇರಿದವು. ಪಡೆದವನು ಕನ್ನಡ ಕಾವ್ಯವನ್ನು ಬೇರೆಡೆ ಅರಸಬೇಕಾಗಿರಲಿಲ್ಲ.

ಇ-ರೀಡರ್‌ನ ಪ್ರಸಾರ ಬೇರೆ ರೀತಿಯಲ್ಲಿ ನಡೆಯಿತು. ಕಪ್ಪು-ಬಿಳಿ ಕಣಗಳಿಂದ ಅಕ್ಷರ ಮೂಡಿಸುವ, ಪುಟ ಬದಲಾದಾಗ ಮಾತ್ರ ವಿದ್ಯುತ್ತನ್ನು ಬಳಸುವ ಇ-ಇಂಕ್ ಪರದೆ ಇದರ ಜೀವಾಳ. 2007ರ ನವೆಂಬರ್‌ನಲ್ಲಿ ಅಮೆಜಾನ್ ಸಂಸ್ಥೆ ಅಮೆರಿಕದಲ್ಲಿ ಕಿಂಡಲ್ ಅನ್ನು ಹೊರತಂದಿತು. ಭಾರತದಲ್ಲಿ 2010ರಲ್ಲಿ ಇನ್ಫಿಬೀಮ್ ಸಂಸ್ಥೆಯ ‘ಪೈ’ ಬಂದಿತು. 2012ರ ಆಗಸ್ಟ್‌ನಲ್ಲಿ ಕಿಂಡಲ್ 6,999 ರೂಪಾಯಿಗೆ ಕ್ರೋಮಾ ಮಳಿಗೆಗಳಲ್ಲಿ ದೊರೆಯತೊಡಗಿತು. ಮರುವರ್ಷ ಕೋಬೋ ಕೂಡ ಮಳಿಗೆಗಳಿಗೆ ಬಂದಿತು. ಈ ಮಳಿಗೆಗಳು ಮಹಾನಗರಗಳವು. ಗಡಿಭಾಗದ ತಾಲ್ಲೂಕು ಕೇಂದ್ರದ ಓದುಗನಿಗೆ ದಾರಿ ತೆರೆದದ್ದು 2013ರ ಜೂನ್‌ನಲ್ಲಿ ಅಮೆಜಾನ್‌ನ ಭಾರತೀಯ ಜಾಲಮಳಿಗೆ ಆರಂಭವಾದ ಮೇಲೆ. ಮುಟ್ಟಿ ನೋಡಿ ಕೊಳ್ಳುವ ವಸ್ತುವಾಗುವ ಮೊದಲೇ ಅದು ಹೆಸರು ಕೇಳಿ ತರಿಸಿಕೊಳ್ಳುವ ವಸ್ತುವಾಯಿತು. ಆದ್ದರಿಂದಲೇ ‘ಕಿಂಡಲ್’ ಎಂಬ ಒಂದು ಸಂಸ್ಥೆಯ ಮುದ್ರೆಯ ಹೆಸರು ಇಡೀ ಸಾಧನವರ್ಗದ ಹೆಸರಿನಂತೆ ಬಳಕೆಗೆ ಬಂದಿತು. ಇತರ ಹೆಸರುಗಳು ಹಿಂದುಳಿದವು.

ಸಾಧನ ಬಂದರೂ ಭಾಷೆ ಅದರೊಡನೆ ಬರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳು ಪಟ್ಟಿಯಲ್ಲಿದ್ದವು, ಕನ್ನಡವಿರಲಿಲ್ಲ. ಕನ್ನಡ, ಮರಾಠಿ, ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಈ ಲೋಪದ ಅರ್ಥ ಸ್ಪಷ್ಟವಾಗುತ್ತದೆ. ಅದೇ ಬೆಲೆ ತೆತ್ತು ಅದೇ ಸಾಧನ ಕೊಂಡ ನೆರೆಹೊರೆಯವರಲ್ಲಿ ಮರಾಠಿ ಓದುಗನಿಗೆ ತನ್ನ ಭಾಷೆಯ ಕಪಾಟು ತೆರೆದಿತ್ತು. ಕನ್ನಡ ಓದುಗನಿಗೆ ಇರಲಿಲ್ಲ. ಕನ್ನಡ ಲಿಪಿ 1991ರಲ್ಲೇ ಯೂನಿಕೋಡ್‌ನಲ್ಲಿ ಸೇರಿದ್ದುದರಿಂದ ಲಿಪಿಗೆ ಸಂಕೇತವಿಲ್ಲವೆಂಬ ಸಮಾಧಾನಕ್ಕೂ ಎಡೆಯಿಲ್ಲ. ಪಿಡಿಎಫ್ ಕಡತವಾಗಿ ಕನ್ನಡ ಗ್ರಂಥವನ್ನು ತೆರೆಯಬಹುದಾದರೂ, ಪುಟದ ವಿನ್ಯಾಸ ಸ್ಥಿರವಾದುದರಿಂದ ಅಕ್ಷರ ಹಿಗ್ಗಿಸಿದೊಡನೆ ಸಾಲು ಪರದೆಯ ಆಚೆ ಸರಿಯುತ್ತದೆ.

ಈ ಕೊರತೆಯನ್ನು ಭಾಗಶಃ ತುಂಬಿದ್ದು ಮೊಬೈಲ್ ಫೋನ್. ‘ವಚನ ಸಂಚಯ’ ಜಾಲತಾಣದಲ್ಲಿ ವಚನಗಳನ್ನು ಪದ ಹಿಡಿದು ಹುಡುಕಬಹುದು; ‘ಮೈಲ್ಯಾಂಗ್’ನಂತಹ ಆ್ಯಪ್‌ಗಳಲ್ಲಿ ಕನ್ನಡ ಇ-ಪುಸ್ತಕಗಳನ್ನು ಕೊಳ್ಳಬಹುದು. ಆದರೆ ಕಣ್ಣಿಗೆ ಹಿತವಾದ, ಏಕಾಗ್ರ ಓದಿಗೆಂದೇ ರೂಪಿತವಾದ ಸಾಧನದ ಸ್ಥಾನವನ್ನು ಹೊಳೆಯುವ ಪರದೆ ಪೂರ್ಣವಾಗಿ ತುಂಬಲಾರದು.

ಸಾಧನದ ಲಭ್ಯತೆಯನ್ನು ಮಳಿಗೆಗಳ ಎಣಿಕೆಯಿಂದ, ಮುದ್ರೆಯ ಹೆಸರಿನ ಪರಿಚಯದಿಂದ ಮಾತ್ರ ಅಳೆಯುವ ಕ್ರಮ ಹೀಗೆ ಅಪೂರ್ಣವೆನಿಸುತ್ತದೆ. ಓದುಗನ ನುಡಿಯ ಕೃತಿಯೂ ಜೊತೆಗೆ ಬಂದಾಗಲೇ ಓದುವ ಸಾಧನ ದೊರೆತಂತಾಗುತ್ತದೆ. ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆಯ ಶಾಸ್ತ್ರದಾನ ಪಾಲಿಸಿದ ನಿಯಮವೂ ಅದೇ.