ಒಡೆದ ಗುಲ್ಮ, 30 ರೂಪಾಯಿ ದಂಡ

1875ರ ಅಕ್ಟೋಬರ್ 31, ಭಾನುವಾರ. ಆಗ್ರಾದ ಇಂಗ್ಲಿಷ್ ವಕೀಲ ಫುಲ್ಲರ್ ಸಂಸಾರ ಸಮೇತ ಚರ್ಚಿಗೆ ಹೊರಟಿದ್ದ. ಗಾಡಿ ಸಿದ್ಧವಾಗಿತ್ತು, ಕುದುರೆ ನೋಡಿಕೊಳ್ಳುವ ಆಳು ಕತ್ವಾರು ಮಾತ್ರ ಅಲ್ಲಿರಲಿಲ್ಲ. ಅವನು ಬಂದ ಕೂಡಲೇ ಫುಲ್ಲರ್ ಅವನ ತಲೆಗೆ, ಮುಖಕ್ಕೆ ಹೊಡೆದು ಕೂದಲು ಹಿಡಿದು ಎಳೆದ. ಕತ್ವಾರು ಬಿದ್ದ. ಗಾಡಿ ಚರ್ಚಿಗೆ ಹೋಯಿತು. ಆಳು ಎದ್ದು ಪಕ್ಕದ ಕಾಂಪೌಂಡಿಗೆ ಹೋಗಿ ಅಲ್ಲೇ ಪ್ರಾಣ ಬಿಟ್ಟ.

ಗುಲ್ಮ ಒಡೆದು ಸಾವು ಎಂದು ಶವಪರೀಕ್ಷೆ ಹೇಳಿತು. ರೋಗದಿಂದ ಊದಿದ್ದ ಗುಲ್ಮ ಒಡೆಯಲು ಸಣ್ಣ ಏಟು ಅಥವಾ ಬಿದ್ದ ಪೆಟ್ಟು ಸಾಕು ಎಂಬುದು ವೈದ್ಯರ ಅಭಿಪ್ರಾಯ. ಜಾಯಿಂಟ್ ಮ್ಯಾಜಿಸ್ಟ್ರೇಟ್ ಲೀಡ್ಸ್ ಇದನ್ನು ಬರೀ ನೋವುಂಟುಮಾಡಿದ ಅಪರಾಧವೆಂದು ಎಣಿಸಿ 30 ರೂಪಾಯಿ ದಂಡ ಹಾಕಿದ. ಹಣ ವಿಧವೆಗೆ.

ಇಂಗ್ಲಿಷರ ಒದೆತಕ್ಕೆ ಆಳುಗಳು, ಪಂಕಾ ಎಳೆಯುವವರು, ಕೂಲಿಗಳು ಸತ್ತಾಗಲೆಲ್ಲ ಕೋರ್ಟುಗಳಲ್ಲಿ ಈ ಗುಲ್ಮದ ಮಾತು ಬರುತ್ತಿತ್ತು. ಅದು ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದೇ ಅದರ ಬಲ. ಎಡ ಪಕ್ಕೆಲುಬುಗಳ ಅಡಿಯಲ್ಲಿ ಮುಷ್ಟಿಯಷ್ಟಿರುವ ಈ ಅಂಗ ರಕ್ತವನ್ನು ಸೋಸುತ್ತದೆ, ಸೋಂಕಿನ ವಿರುದ್ಧ ಹೋರಾಡುತ್ತದೆ. ಮಲೇರಿಯಾ ಮತ್ತೆಮತ್ತೆ ಬಂದರೆ ಊದಿ ಪಕ್ಕೆಲುಬಿನ ಆಸರೆ ದಾಟಿ ಕೆಳಗಿಳಿಯುತ್ತದೆ. ಆಗ ಪೆಟ್ಟು ತಡೆಯುವ ಶಕ್ತಿ ಕಡಿಮೆ.

ಇದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. 1840ರ ದಶಕದಲ್ಲೇ ಡೆಂಪ್‌ಸ್ಟರ್ ಎಂಬ ವೈದ್ಯ ಯಮುನಾ ಕಾಲುವೆ ಬದಿಯ ಹಳ್ಳಿಗಳಲ್ಲಿ ಜನರ ಹೊಟ್ಟೆ ಮುಟ್ಟಿ ನೋಡಿ, ಊದಿದ ಗುಲ್ಮಗಳನ್ನು ಎಣಿಸಿ, ಅದರಿಂದ ಊರಿನ ಜ್ವರವನ್ನು ಅಳೆದಿದ್ದ. 1860ರ ದಂಡಸಂಹಿತೆಯ 299ನೇ ಕಲಂನ ವಿವರಣೆಯೂ ಸ್ಪಷ್ಟವಾಗಿತ್ತು: ಮೊದಲೇ ರೋಗಿಯಾದವನಿಗೆ ಗಾಯ ಮಾಡಿ ಅವನ ಸಾವನ್ನು ಬೇಗ ತಂದವನು ಆ ಸಾವಿಗೆ ಕಾರಣನೇ. ಆದರೆ ಅಪರಾಧ ಹೊರಿಸಲು ಉದ್ದೇಶವೋ ಅರಿವೋ ಬೇಕು. ಅವನ ಗುಲ್ಮ ಊದಿದ್ದು ನನಗೇನು ಗೊತ್ತು ಎಂದರೆ ಮುಗಿಯಿತು. ಹೀಗೆ ಆಳಿನ ಕಾಯಿಲೆಯೇ ಧಣಿಯ ಪರ ಸಾಕ್ಷಿಯಾಯಿತು.

1876ರ ಜುಲೈನಲ್ಲಿ ವೈಸ್‌ರಾಯ್ ಲಿಟ್ಟನ್ ಈ ತೀರ್ಪನ್ನು ಕಟುವಾಗಿ ಖಂಡಿಸಿದ. ಕನಿಷ್ಠ ಒಂದು ವರ್ಷ ಲೀಡ್ಸ್‌ಗೆ ಜಿಲ್ಲೆಯ ಸ್ವತಂತ್ರ ಹೊಣೆ ಕೊಡಬಾರದೆಂದ. ಇಲ್ಲಿನ ಇಂಗ್ಲಿಷರು ಸಿಟ್ಟಾದದ್ದು ಫುಲ್ಲರ್ ಮೇಲಲ್ಲ, ಲಿಟ್ಟನ್ ಮೇಲೆ.

ಕತ್ವಾರುವನ್ನು ಉಳಿಸುವ ವೈದ್ಯ ಅಂದು ಎಲ್ಲೂ ಇರಲಿಲ್ಲವೆನ್ನಬೇಕು. ಪೆಟ್ಟಿನಿಂದ ಒಡೆದ ಗುಲ್ಮವನ್ನು ತೆಗೆದು ರೋಗಿಯನ್ನು ಉಳಿಸಿದ ಮೊದಲ ದಾಖಲೆ 1892ರದು. ಬ್ರೆಸ್ಲಾವ್‌ನ ಶಸ್ತ್ರವೈದ್ಯ ರೀಗ್ನರ್ ಮಾಡಿದ್ದು. ಆಮೇಲೆ ಬಹುಕಾಲ, ಒಡೆದರೆ ತೆಗೆದುಹಾಕು ಎಂಬುದೇ ನಿಯಮ. ಗುಲ್ಮವಿಲ್ಲದ ಎಳೆಯ ಮಕ್ಕಳಿಗೆ ಪ್ರಾಣಕ್ಕೇ ಕುತ್ತಾಗುವ ಸೋಂಕು ತಗಲುತ್ತದೆಂದು 1952ರಲ್ಲಿ ಕಿಂಗ್ ಮತ್ತು ಶೂಮೇಕರ್ ತೋರಿಸಿದಾಗ ಯೋಚನೆ ಬದಲಾಗತೊಡಗಿತು. 1968ರಲ್ಲಿ ಟೊರಾಂಟೊದಿಂದ ಉಪಾಧ್ಯಾಯ ಮತ್ತು ಸಿಂಪ್ಸನ್ ಪ್ರಕಟಿಸಿದ ಬರಹ, ಮಕ್ಕಳ ಗುಲ್ಮದ ಗಾಯ ಎಷ್ಟೋ ಸಲ ತಾನೇ ಮಾಯುತ್ತದೆ ಎಂಬ ನಂಬಿಕೆಗೆ ಬಲ ಕೊಟ್ಟಿತು. ಆ ಉಪಾಧ್ಯಾಯರು ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದರು.

ಇಂದು ರಕ್ತದೊತ್ತಡ ಸ್ಥಿರವಾಗಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿ, ಆಸ್ಪತ್ರೆಯಲ್ಲೇ ಮಲಗಿಸಿ ಕಾಯುತ್ತಾರೆ. ಕೆಲವರಿಗೆ ರಕ್ತನಾಳದೊಳಗಿಂದಲೇ ಸ್ರಾವ ನಿಲ್ಲಿಸುತ್ತಾರೆ. ಒತ್ತಡ ಕುಸಿಯುತ್ತಿದ್ದರೆ ಆಪರೇಷನ್‌ಗೆ ತಡಮಾಡುವುದಿಲ್ಲ. ಗುಲ್ಮ ತೆಗೆದವರಿಗೆ ನ್ಯುಮೋಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆಗಳು ಬೇಕು. ಆಮೇಲೆ ಜ್ವರ ಬಂದರೆ ನಾಳೆ ನೋಡೋಣ ಎನ್ನುವಂತಿಲ್ಲ. ಬೈಕಿನಿಂದ ಬಿದ್ದವರಿಗೆ ಎಡ ಹೊಟ್ಟೆ ನೋವು, ಎಡ ಭುಜ ನೋವು, ತಲೆಸುತ್ತು ಇದ್ದರೆ, ಮೇಲೆ ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೆಲವೊಮ್ಮೆ ಗುಲ್ಮ ದಿನಗಳಾದ ಮೇಲೂ ಒಡೆಯುವುದುಂಟು.

ಈಚೆಗೆ ಮಲೇರಿಯಾ ಬಂದಿತ್ತೇ, ಗುಲ್ಮ ಊದಿದೆ ಎಂದು ಯಾರಾದರೂ ಹೇಳಿದ್ದರೇ ಎಂದು ಅಲ್ಲಿ ವೈದ್ಯರು ಕೇಳಬಹುದು. ಆಗ್ರಾದಲ್ಲಿ ಹೌದು ಎಂಬ ಉತ್ತರ ಶಿಕ್ಷೆಯನ್ನು ಇಳಿಸಿತ್ತು. ಇಂದು ಅದೇ ಉತ್ತರ ಕೇಳಿದ ವೈದ್ಯರು ಆ ರೋಗಿಯ ಮೇಲೆ ಇನ್ನಷ್ಟು ಕಣ್ಣಿಡುತ್ತಾರೆ.