ಹೊಸ ಮೊಬೈಲ್ ಯಾವುದು ತೆಗೆಯುವುದು? ಕಾಸರಗೋಡಿನ ಮನೆಗಳ ಒಂದು ಪುಟ್ಟ ಚರಿತ್ರೆ



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿಸಿ ನಾವು ಯುವಜನರು ಮೀಟಿಂಗಿಗೆ ಕುಳಿತದ್ದು ಶ್ರಮದಾನದ ವಿಷಯ ಮಾತಾಡಲಿಕ್ಕೆ. ಮಾತು ಹೋದದ್ದು ಮಾತ್ರ ಮೊಬೈಲಿನ ಕಡೆಗೆ. ನಮ್ಮ ಘಟಕದ ಒಬ್ಬ ತಮ್ಮನಿಗೆ ಮೊದಲ ಕೆಲಸ ಸಿಕ್ಕಿದೆ, ಮೂರು ವರ್ಷದ ಹಳೇ ಫೋನು ಬದಲಿಸಬೇಕಂತೆ. ಎರಡು ಮಾಡೆಲ್ ನೋಡಿಟ್ಟಿದ್ದಾನೆ. ಒಂದರ ಕ್ಯಾಮೆರಾ 108 ಮೆಗಾಪಿಕ್ಸೆಲ್, ಇನ್ನೊಂದರದ್ದು 50. ಬೆಲೆ ಹೆಚ್ಚು ಕಡಿಮೆ ಒಂದೇ, ಇಎಂಐ ಕೂಡ ಒಂದೇ. ಎಲ್ಲರೂ ಒಂದೊಂದು ಸಲಹೆ ಕೊಟ್ಟೆವು. ಕೊನೆಗೆ ಒಬ್ಬಳು ಕೇಳಿದಳು, "ಹಳೇದನ್ನು ಎಂತ ಮಾಡ್ತೀ?"

"ಅಮ್ಮನಿಗೆ ಕೊಡ್ತೇನೆ. ಅಮ್ಮನದ್ದು ಅಜ್ಜಿಗೆ."

ನಮ್ಮೆಲ್ಲರ ಮನೆಯಲ್ಲೂ ಹೀಗೆಯೇ ಅಲ್ಲವೇ? ಫೋನು ಮೊದಲು ನಮ್ಮ ಕೈಗೆ ಬರುತ್ತದೆ, ಆಮೇಲೆ ಅಮ್ಮನಿಗೆ, ಕೊನೆಗೆ ಗಾಜು ಒಡೆದ ಸ್ಥಿತಿಯಲ್ಲಿ ಅಜ್ಜ ಅಜ್ಜಿಗೆ. ಅಂಗಡಿಯಲ್ಲಿ ಆರಿಸುವವರು ನಾವು, ಅದರ ಜೊತೆ ಹೆಚ್ಚು ವರ್ಷ ಏಗುವವರು ಅವರು. ಆ ದಿನ ಮನೆಗೆ ಹೋಗಿ ಹಿರಿಯರ ಹತ್ತಿರ ಅವರವರ ಫೋನಿನ ಕಥೆ ಕೇಳಿದೆವು, ಸ್ವಲ್ಪ ಓದಿಯೂ ನೋಡಿದೆವು. ಬರೆಯುವ ನಮ್ಮದು ಬಿಎಸ್ಸಿ ಓದು. ಇತಿಹಾಸ ಓದಿದವರು ತಪ್ಪು ಕಂಡರೆ ತಿದ್ದಬೇಕು.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಹೋಯಿತು. ಕಲ್ಕತ್ತಾದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಂದಿಗೆ ಮಾತಾಡಿದರು. ಕೇರಳದಲ್ಲಿ ಮೊದಲ ಕರೆ 1996ರ ಸೆಪ್ಟೆಂಬರ್ 17ರಂದು ಕೊಚ್ಚಿಯಲ್ಲಿ, ಸಾಹಿತಿ ತಕಳಿ ಶಿವಶಂಕರ ಪಿಳ್ಳೆಯವರಿಂದ. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿತ್ತು, ಬಂದ ಕರೆ ಎತ್ತಿದರೂ ದುಡ್ಡು. ನಮ್ಮೂರಿನವರಿಗೆ ಅದು ಪೇಪರಿನಲ್ಲಿ ಓದುವ ಸುದ್ದಿ ಮಾತ್ರ. ಗಲ್ಫಿನಲ್ಲಿದ್ದವರು ಕ್ಯಾಸೆಟಿನಲ್ಲಿ ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ ಕಾಲ ಇನ್ನೂ ಮುಗಿದಿರಲಿಲ್ಲ. ಅರ್ಜೆಂಟ್ ಆದರೆ ಎಸ್‌ಟಿಡಿ ಬೂತ್, ಅಲ್ಲಿಯೂ ದರ ಇಳಿಯಲಿ ಎಂದು ರಾತ್ರಿಯವರೆಗೆ ಕಾಯುವುದು. (ಇಂದು ಅಜ್ಜಿ ಕಳಿಸುವ ವಾಯ್ಸ್ ಮೆಸೇಜು ಆ ಕ್ಯಾಸೆಟಿನ ಮೊಮ್ಮಗು ಎಂದು ನಮಗೆ ಅನಿಸುತ್ತದೆ. ಎರಡರಲ್ಲೂ ಮೊದಲ ಅರ್ಧ ನಿಮಿಷ "ಕೇಳ್ತದಾ?" ಎಂಬುದೇ.)

2003ರಲ್ಲಿ ಎಲ್ಲ ಬದಲಾಯಿತು. ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ರಿಲಯನ್ಸ್ 501 ರೂಪಾಯಿ ಮೊದಲು ಕಟ್ಟಿದರೆ ಫೋನು ಕೊಡುವ ಸ್ಕೀಮ್ ತಂದಿತು. ಆ ವರ್ಷದ ಕೊನೆಗೆ ಬಂತು ನೋಕಿಯಾ 1100. ಕ್ಯಾಮೆರಾ ಇಲ್ಲ, ಕಲರ್ ಸ್ಕ್ರೀನ್ ಇಲ್ಲ. ಧೂಳು ಹೋಗದ ಕೀಪ್ಯಾಡ್, ಬೆವರಿದ ಕೈಯಿಂದ ಜಾರದ ಬದಿ, ತಲೆಯಲ್ಲಿ ಒಂದು ಟಾರ್ಚ್. ನಮ್ಮಂಥ ದೇಶಗಳ ಬಳಕೆ ನೋಡಿಯೇ ಮಾಡಿದ ಫೋನು ಅದು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಮಳೆಗಾಲದಲ್ಲಿ ಕರೆಂಟು ಹೋದಾಗ ತೋಟದ ದಾರಿಯಲ್ಲಿ ಅದರ ಬೆಳಕು ಹಿಡಿದು ನಡೆದವರು ನಮ್ಮ ವಾರ್ಡಿನಲ್ಲೇ ಎಷ್ಟೋ ಮಂದಿ ಇದ್ದಾರೆ.

ಅದರ ನಂತರದ ಅಪ್‌ಗ್ರೇಡ್ ಯಾಕೆ ಆಯಿತು ಎಂಬುದು ಕಾಸರಗೋಡಿನವರಿಗೇ ಸರಿಯಾಗಿ ಗೊತ್ತಿರುವ ವಿಷಯ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ನಾವು ಕೇರಳಕ್ಕೆ ಸೇರಿದೆವು. ಆದರೆ ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ, ನಮ್ಮ ಧರ್ಮಪ್ರಾಂತ್ಯದ ಬಿಷಪರ ನಿವಾಸ ಎಲ್ಲವೂ ಮಂಗಳೂರಿನಲ್ಲಿ. ಮೊಬೈಲ್ ಬಂದಾಗ ಟೆಲಿಕಾಂ ಸರ್ಕಲುಗಳನ್ನೂ ರಾಜ್ಯದ ಗಡಿಯಂತೆಯೇ ಮಾಡಿದರು. ತಲಪಾಡಿ ದಾಟಿದರೆ ರೋಮಿಂಗ್. ಮಂಜೇಶ್ವರದ ಕಡೆ ಮನೆಯ ಜಗಲಿಯಲ್ಲಿ ಕುಳಿತವರ ಫೋನೂ ಒಮ್ಮೊಮ್ಮೆ ಕರ್ನಾಟಕದ ಟವರ್ ಹಿಡಿದು ರೋಮಿಂಗ್ ತೋರಿಸುತ್ತಿತ್ತು. ವೆನ್‌ಲಾಕ್ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕುಳಿತವರಿಗೆ ಊರಿನಿಂದ ಫೋನ್ ಬಂದರೆ, ಎತ್ತುವ ಮೊದಲು ಬ್ಯಾಲೆನ್ಸ್ ಎಷ್ಟಿದೆ ಎಂದು ಯೋಚಿಸಬೇಕಿತ್ತು.

ಹಾಗಾಗಿ ಒಬ್ಬೊಬ್ಬರಲ್ಲಿ ಎರಡೆರಡು ಸಿಮ್. ಮಂಗಳೂರು ಬಸ್ಸಿನಲ್ಲಿ ಫೋನಿನ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಎತ್ತಿ, ಸಿಮ್ ಬದಲಿಸುವುದು ನಮ್ಮ ಚಿಕ್ಕಂದಿನಲ್ಲಿ ನಾವೇ ಕಂಡ ದೃಶ್ಯ. ಸೀಟಿನಡಿಗೆ ಬಿದ್ದ ಸಿಮ್ ಹುಡುಕುವುದೂ ಅದರ ಭಾಗವೇ. ಎರಡು ಸಿಮ್ ಹಾಕುವ ಅಗ್ಗದ ಫೋನುಗಳು 2008ರ ಬಳಿಕ ಮೈಕ್ರೋಮ್ಯಾಕ್ಸ್‌ನಂಥ ಕಂಪನಿಗಳಿಂದ ಬಂದಾಗ ಜನ ನೋಕಿಯಾ ಬಿಟ್ಟು ಅದನ್ನು ಕೊಂಡರು. ಅದರ ಸೌಂಡು ಕರ್ಕಶ, ಬಾಡಿ ತೆಳು. ಆದರೂ ಕೊಂಡರು. ಗಡಿಯ ಮನುಷ್ಯನಿಗೆ ಬೇಕಾದದ್ದು ಅದರಲ್ಲಿತ್ತು. ರೋಮಿಂಗಿನಲ್ಲಿ ಒಳಬರುವ ಕರೆಯನ್ನು ಬಿಎಸ್‌ಎನ್‌ಎಲ್ ಉಚಿತ ಮಾಡಿದ್ದು 2015ರ ಜೂನ್ 15ರಿಂದ. ಮರುವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಈ ಗಡಿ ಫೋನಿನ ಒಳಗಿನಿಂದ ಮಾಯವಾಯಿತು. ರಸ್ತೆಯ ಮೇಲಿನದ್ದು ಈಗಲೂ ಇದೆ.

ಇನ್ನು ಅಕ್ಷರದ ವಿಷಯ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ನಮ್ಮ ಮುಖ್ಯ ಮಾತು ಇಲ್ಲೇ ಇದೆ.

ಯಂತ್ರಕ್ಕೆ ನಮ್ಮ ಅಕ್ಷರ ಬರುತ್ತದೆಯೇ ಎಂಬ ಪ್ರಶ್ನೆ ಈ ಕರಾವಳಿಗೆ ಹೊಸದಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಕೈಬರಹ ಕಲ್ಲಿನ ಮೇಲೆ ಇಳಿದು ಹಾಗೆಯೇ ಕಾಗದಕ್ಕೆ ಬರುತ್ತದೆ, ಒತ್ತಕ್ಷರದ ತೊಂದರೆ ಇಲ್ಲ. ಆದರೆ ಕೆಲಸ ನಿಧಾನ. 1844ರಲ್ಲಿ ಪತ್ರಿಕೆ ಅಚ್ಚುಮೊಳೆಯ ಪ್ರೆಸ್ ಇದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು, ಹೆಚ್ಚು ಕಾಲ ಬಾಳಲಿಲ್ಲ. ಅಚ್ಚುಮೊಳೆಯಲ್ಲಿ ಪ್ರತಿ ಒತ್ತಕ್ಷರವನ್ನೂ ಯಾರೋ ಮೊದಲೇ ಲೋಹದಲ್ಲಿ ಕೊರೆದು ಇಟ್ಟಿರಬೇಕು. ಇಟ್ಟಿಲ್ಲದಿದ್ದರೆ ಆ ಅಕ್ಷರ ಪುಟದಲ್ಲಿ ಬರುವುದಿಲ್ಲ.

ಮೊಬೈಲಿನಲ್ಲೂ ಅದೇ ಕಥೆ. ಕನ್ನಡದ ಪ್ರತಿ ಅಕ್ಷರಕ್ಕೂ ಯೂನಿಕೋಡಿನಲ್ಲಿ 1991ರಿಂದಲೇ ಒಂದೊಂದು ಸಂಖ್ಯೆ ಇದೆ. 'ಕ್ರಿಸ್ತ' ಎಂದು ಬರೆದರೆ ಫೋನಿನೊಳಗೆ ಏಳು ಸಂಖ್ಯೆಗಳು ಇರುತ್ತವೆ: ಕ, ಅರ್ಧಾಕ್ಷರದ ಚಿಹ್ನೆ, ರ, ಗುಡಿಸು, ಸ, ಮತ್ತೆ ಅರ್ಧಾಕ್ಷರದ ಚಿಹ್ನೆ, ತ. ಪರದೆಯಲ್ಲಿ ಕಾಣಬೇಕಾದದ್ದು ಎರಡೇ ಅಕ್ಷರ, ಕ್ರಿ ಮತ್ತು ಸ್ತ. ಏಳನ್ನು ಎರಡು ಮಾಡುವ ಕೆಲಸಕ್ಕೆ ಫೋನಿನಲ್ಲಿ ಕನ್ನಡ ಫಾಂಟ್ ಬೇಕು, ಜೋಡಿಸುವ ಸಾಫ್ಟ್‌ವೇರ್ ಕೂಡ ಬೇಕು. ಫಾಂಟ್ ಇಲ್ಲದಿದ್ದರೆ ಬರೀ ಚೌಕ ಚೌಕ. ಫಾಂಟ್ ಇದ್ದು ಜೋಡಣೆ ಬಾರದಿದ್ದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತುಕೊಳ್ಳುತ್ತದೆ.

ಆಂಡ್ರಾಯ್ಡ್ ಫೋನುಗಳು ಜಗತ್ತಿಗೆ ಬಂದದ್ದು 2008ರಲ್ಲಿ. ಆಂಡ್ರಾಯ್ಡ್ ತಾನಾಗಿಯೇ ಕನ್ನಡ ತೋರಿಸಲು ಕಲಿತದ್ದು 2012ರ 4.1 ಆವೃತ್ತಿಯಲ್ಲಿ, ಮಲಯಾಳ ಮತ್ತು ತೆಲುಗಿನ ಜೊತೆಗೆ. ನಮ್ಮ ಜಿಲ್ಲೆಗೆ ಇದು ಎರಡು ಪಟ್ಟು ಮುಖ್ಯ. ಪಂಚಾಯತಿನ ಮೆಸೇಜು ಮಲಯಾಳದಲ್ಲಿ, ಶಾಲೆಯ ನೋಟೀಸು ಕನ್ನಡದಲ್ಲಿ. ಮನೆಯಲ್ಲಿ ಕೊಂಕಣಿ ಮಾತಾಡುವ ನಾವು ಅದನ್ನು ಬರೆಯುವುದೂ ಕನ್ನಡ ಲಿಪಿಯಲ್ಲೇ, ತುಳುವರೂ ಹಾಗೆಯೇ. ಆ ಒಂದು ಫಾಂಟ್ ಇಲ್ಲದಿದ್ದರೆ ನಮ್ಮಲ್ಲಿ ಮೂರು ಭಾಷೆಗಳು ಒಟ್ಟಿಗೆ ಮೂಕ. 4.1 ಬಂದ ಮೇಲೂ ಅಂಗಡಿಗಳಲ್ಲಿ ಹಳೆಯ 2.3 ಆವೃತ್ತಿಯ ಫೋನುಗಳು ಕಡಿಮೆ ಬೆಲೆಗೆ ಹೋಗುತ್ತಲೇ ಇದ್ದವು. ನಮ್ಮಲ್ಲೊಬ್ಬರ ಮನೆಯಲ್ಲಿ ಅಂಥದ್ದೊಂದು ತಂದು, ಅಜ್ಜಿಯ ಅಣ್ಣ ತೀರಿಕೊಂಡ ಸುದ್ದಿ ಕನ್ನಡದಲ್ಲಿ ಬಂದಾಗ ಕಂಡದ್ದು ಹದಿನೈದೋ ಇಪ್ಪತ್ತೋ ಚೌಕಗಳು. ಪಕ್ಕದ ಮನೆಯವರು ಬಂದು ಹೇಳುವವರೆಗೆ ಗೊತ್ತಾಗಲಿಲ್ಲ. ಆ ಫೋನಿನ ಕ್ಯಾಮೆರಾ ಚೆನ್ನಾಗಿತ್ತಂತೆ.

ಐಫೋನಿನ ವಿಷಯ ಕೇಳುವವರಿಗೆ: ಅದು ಭಾರತಕ್ಕೆ ಬಂದದ್ದು 2008ರ ಆಗಸ್ಟಿನಲ್ಲಿ, 8 ಜಿಬಿಯದ್ದಕ್ಕೆ 31 ಸಾವಿರ ರೂಪಾಯಿ. ಅದರ ಒಳಗೇ ಕನ್ನಡ ಕೀಬೋರ್ಡ್ ಬಂದದ್ದು 2017ರಲ್ಲಿ. ಅದೇ ವರ್ಷದ 1,500 ರೂಪಾಯಿ ಠೇವಣಿಯ ಜಿಯೋಫೋನಿನಲ್ಲೂ ಕನ್ನಡ ಇತ್ತು. ಬೆಲೆಗೂ ನಮ್ಮ ಅಕ್ಷರಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

2017ರ ಆಗಸ್ಟಿನಲ್ಲಿ ಗೂಗಲ್ ತನ್ನ ಕೀಬೋರ್ಡಿಗೆ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯವನ್ನೂ ತಂದಿತು. ಇದಕ್ಕೆ ಹೊಸ ಫೋನು ಬೇಕಿರಲಿಲ್ಲ, ಇದ್ದ ಫೋನಿಗೇ ಬಂತು. ಕೀಬೋರ್ಡ್ ಎಂದ ಮೇಲೆ ಒಂದು ಹೆಸರು ಬಿಡುವಂತಿಲ್ಲ: ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್. ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡವನ್ನು ಅದರ ಧ್ವನಿಯ ಕ್ರಮದಲ್ಲಿ ಟೈಪ್ ಮಾಡುವ ವಿನ್ಯಾಸ ಅವರದ್ದು.

2020ಕ್ಕೆ ಬರೋಣ. ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿತು. ಜೂನ್ 1ರಿಂದ ಕೇರಳದಲ್ಲಿ ವಿಕ್ಟರ್ಸ್ ಚಾನೆಲಿನ 'ಫಸ್ಟ್ ಬೆಲ್' ತರಗತಿಗಳು ಶುರುವಾದವು, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠ ಬಂತು. ಮೂರು ಮಕ್ಕಳ ಮನೆಯಲ್ಲಿ ಒಂದೇ ಫೋನು. ನಮ್ಮ ಘಟಕದವರು ವಾರ್ಡು ವಾರ್ಡು ತಿರುಗಿ ಕಪಾಟಿನಲ್ಲಿದ್ದ ಹಳೆಯ ಸ್ಮಾರ್ಟ್‌ಫೋನ್ ಕೇಳಿದೆವು. ಹನ್ನೊಂದು ಸಿಕ್ಕಿತು. ಹೆಚ್ಚಿನವು ಆನ್ ಆಗುತ್ತಿದ್ದವು, ಗಾಜೂ ಸರಿಯಿತ್ತು. ಆದರೆ ಕ್ಲಾಸಿನ ಆ್ಯಪ್ ಹಾಕಲು ಹೋದರೆ "ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ" ಎಂಬ ಉತ್ತರ. ಉಪಯೋಗಕ್ಕೆ ಬಂದದ್ದು ನಾಲ್ಕೇ. ಫೋನು ಹಾಳಾಗುವುದು ಬಿದ್ದು ಒಡೆದಾಗ ಎಂದು ತಿಳಿದಿದ್ದ ನಾವು ಅಂದು ಬೇರೆ ಪಾಠ ಕಲಿತೆವು. ವಾಟ್ಸ್‌ಆ್ಯಪ್ ಕೂಡ 2020ರ ಫೆಬ್ರವರಿ 1ಕ್ಕೆ ಆ 2.3 ಆವೃತ್ತಿಯ ಫೋನುಗಳನ್ನು ಕೈಬಿಟ್ಟಿತು, 2021ರ ನವೆಂಬರ್ 1ಕ್ಕೆ 4.1ಕ್ಕಿಂತ ಹಿಂದಿನ ಎಲ್ಲವನ್ನೂ.

ಈಗ ತಮ್ಮನ ಎರಡು ಮಾಡೆಲುಗಳು. 108 ಮೆಗಾಪಿಕ್ಸೆಲಿನದಕ್ಕೆ ಕಂಪನಿ ಹೇಳಿದ ಅಪ್‌ಡೇಟ್ ಎರಡು ವರ್ಷದ್ದು. 50ರದ್ದಕ್ಕೆ ಆರು. ಮೊದಲೆಲ್ಲ ಆಂಡ್ರಾಯ್ಡ್ ಫೋನುಗಳಿಗೆ ಸಾಮಾನ್ಯವಾಗಿ ಇಷ್ಟು ವರ್ಷ ಕೊಡುತ್ತಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ ಏಳು ವರ್ಷ ಎಂದಿತು, ಮರುವರ್ಷ ಜನವರಿಯಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಏಳು. 2024ರ ಕೊನೆಗೆ 20 ಸಾವಿರದೊಳಗಿನ ಗ್ಯಾಲಕ್ಸಿ ಎ16ಕ್ಕೂ ಆರು ವರ್ಷ ಎಂದಾಗ ಈ ಮಾತು ನಮ್ಮಂಥವರ ಜೇಬಿಗೂ ಬಂತು. ಒಂದು ಎಚ್ಚರಿಕೆ: ಈ ವರ್ಷಗಳ ಲೆಕ್ಕ ಸಾಮಾನ್ಯವಾಗಿ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಬಿಲ್ ಮಾಡಿಸಿದ ದಿನದಿಂದಲ್ಲ. ಎರಡು ವರ್ಷದ ಹಿಂದಿನ ಮಾಡೆಲನ್ನು ಆಫರಿನಲ್ಲಿ ತಂದರೆ ಎರಡು ವರ್ಷ ಆಗಲೇ ಕಳೆದಿರುತ್ತದೆ. ತಮ್ಮ ಮೂರು ವರ್ಷ ಬಳಸಿ ಅಮ್ಮನಿಗೆ ಕೊಡುವ ಹೊತ್ತಿಗೆ 108ರ ಫೋನಿಗೆ ಅಪ್‌ಡೇಟ್ ನಿಂತು ಒಂದು ವರ್ಷ ಆಗಿರುತ್ತದೆ. ಅಮ್ಮ ಅದರಲ್ಲೇ ಗೂಗಲ್ ಪೇ ಮಾಡುವವರು.

ಅಕ್ಷರದ ಲೆಕ್ಕವೂ ಇದಕ್ಕೇ ಸೇರಿದ್ದು. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಸಂಖ್ಯೆಗಳು ಸಿಕ್ಕಿದವು. ಸಂಖ್ಯೆ ಸಿಕ್ಕಿದ ಕೂಡಲೇ ಪರದೆಯಲ್ಲಿ ಕಾಣುವುದಿಲ್ಲ, ಫಾಂಟ್ ಫೋನಿನ ವ್ಯವಸ್ಥೆಯೊಳಗೆ ಬರಬೇಕು. ಅದು ಬರುವುದು ಅಪ್‌ಡೇಟಿನ ದಾರಿಯಲ್ಲಿ. ಕನ್ನಡದವರು 1991ರಿಂದ 2012ರವರೆಗೆ ಕಾದ ಹಾಗೆ ಈಗ ತುಳುವರ ಸರದಿ. ಅಪ್‌ಡೇಟ್ ನಿಂತ ಫೋನಿನಲ್ಲಿ ಅವರಿಗೂ ಚೌಕಗಳೇ.

5ಜಿ ಬೇಕೇ? 2022ರ ಅಕ್ಟೋಬರಿನಲ್ಲಿ ದೇಶಕ್ಕೆ ಬಂದಿದೆ. ಐದಾರು ವರ್ಷಕ್ಕೆ ಕೊಳ್ಳುವವರು 5ಜಿಯದ್ದನ್ನೇ ತೆಗೆಯಲಿ, ಆದರೆ ಮನೆಯ ಜಗಲಿಯಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆ ಎಂದು ಮೊದಲು ನೋಡಲಿ. ಮೆಗಾಪಿಕ್ಸೆಲ್ ಬಗ್ಗೆ ನಮಗೆ ಹೆಚ್ಚು ಹೇಳಲಿಕ್ಕಿಲ್ಲ. ವಾಟ್ಸ್‌ಆ್ಯಪಿನಲ್ಲಿ ಹೋಗುವಾಗ ಅದು ಹೇಗೂ ಸಣ್ಣದಾಗುತ್ತದೆ.

ಕಳೆದ ಭಾನುವಾರ ತಮ್ಮ ಬಂದಿದ್ದ. ಅಂಗಡಿಗೆ ಹೋಗಿ ಎರಡೂ ಫೋನಿನಲ್ಲಿ ಅಜ್ಜಿಯ ಹೆಸರು ಕನ್ನಡದಲ್ಲಿ ಬರೆದು, ಅಕ್ಷರದ ಗಾತ್ರ ಪೂರ್ತಿ ದೊಡ್ಡದು ಮಾಡಿ ನೋಡಿದನಂತೆ. ಒಂದರಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು. ಎರಡನ್ನೂ ಕೊಳ್ಳದೆ ಸದ್ಯಕ್ಕೆ ತನ್ನ ಹಳೇ ಫೋನಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದಾನೆ. ಅದಕ್ಕೆ ಇನ್ನೂ ಒಂದು ವರ್ಷ ಅಪ್‌ಡೇಟ್ ಇದೆ. ಶ್ರಮದಾನದ ದಿನ ಫೋಟೋ ತೆಗೆಯುವ ಕೆಲಸ ಅವನಿಗೇ ಕೊಟ್ಟಿದ್ದೇವೆ.